ನೂರ ಹನ್ನೆರಡನೆಯ ಪುಟ

ಗರಿಗಳ ಭಾನುವಾರ ಕೊಟ್ಟ ತಾಳೆಗರಿಯ ಶಿಲುಬೆ
ಪ್ರತಿವರ್ಷ ಯಾವುದೋ ಒಂದು ಪುಸ್ತಕಕ್ಕೆ ಗುರುತಾಗುತ್ತದೆ ನನ್ನಲ್ಲಿ.
ಈ ಸಲ ಹೋಗಿ ಕೂತದ್ದು
ರಟ್ಟು ಕಿತ್ತು ಹೆಸರೇ ಕಳೆದುಕೊಂಡ
ಆ ಅಂಬಿಗನ ಕಾದಂಬರಿಯೊಳಗೆ.

ದುರ್ಗಿಗುಡಿಯ ಹಳೇ ಪುಸ್ತಕದಂಗಡಿ, ಮೂರೂವರೆ ರೂಪಾಯಿ,
ಸಂಡೇ ಸ್ಕೂಲಿನ ಬಹುಮಾನದ ದುಡ್ಡು.
ವಾಕ್ಯ ಕಂಠಪಾಠದಲ್ಲಿ ನಾನು ಮೊದಲು, ಯೂನೀಸ್ ಎರಡನೆಯವಳು.
ಅರ್ಥ ಯಾರೂ ಕೇಳಲಿಲ್ಲ, ಇಬ್ಬರೂ ಬಚಾವು.

ಕಥೆ ಇಷ್ಟೇ:
ಸಂಜೆಯ ಕೊನೆಯ ದೋಣಿ. ಎಲ್ಲರೂ ಹತ್ತುತ್ತಾರೆ,
ಒಬ್ಬನನ್ನು ಮಾತ್ರ ಅಂಬಿಗ ಹತ್ತಿಸಿಕೊಳ್ಳುವುದಿಲ್ಲ.
ಹಿಂದೆ ಏನೋ ಆಗಿದೆ ಅವರ ನಡುವೆ.
ಆತ ನಿಂತೇ ಇರುತ್ತಾನೆ ದಡದಲ್ಲಿ,
ನೀರಿನ ಬಣ್ಣ ಹೋಗುವವರೆಗೆ.

ಹದಿನಾಲ್ಕರಲ್ಲಿ ದಡದವನಿಗಾಗಿ ಅತ್ತೆ.
ನೀಲಿ ಶಾಯಿಯ ಸೊಟ್ಟ ಗೆರೆಗಳು ಅದಕ್ಕೆ ಸಾಕ್ಷಿ.
ಮೂವತ್ತೆಂಟರಲ್ಲಿ, ಅಮ್ಮನನ್ನು ಮಣ್ಣಿಗೆ ಕೊಟ್ಟ ತಿಂಗಳು,
ಯೂನೀಸಳ ತಮ್ಮ ಗೇಟಿನಲ್ಲೇ ನಿಂತು ಪುಸ್ತಕ ಕೊಟ್ಟು ಹೋದ.
"ಅಕ್ಕ ಕೊಡಲಿಕ್ಕೆ ಹೇಳಿದ್ದಳು."
ಕಾಗದವಿಲ್ಲ, ಒಂದು ಸಮಾಧಾನದ ಮಾತಿಲ್ಲ.
ಮಣ್ಣಿಗೂ ಬರದವಳು!
ಆ ರಾತ್ರಿ ಓದಿದೆ. ಅಂಬಿಗನೇ ಸರಿ ಅನ್ನಿಸಿತು.
ತೊಂಬತ್ತನೆಯ ಪುಟ, ಕ್ಷಮೆಯ ಬಗ್ಗೆ ಒಂದು ಚಂದದ ಸಾಲು,
ಅದರ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದೆ: ಸುಳ್ಳು.
ಹಾಳೆಯ ಹಿಂದೆ ಇವತ್ತೂ ಅದರ ಉಬ್ಬು ಕೈಗೆ ಸಿಗುತ್ತದೆ.
ಅಲ್ಲಿಂದ ಮುಂದೆ ಓದಲಿಲ್ಲ.

ಜಗಳ ಯಾವುದಕ್ಕೆ ಅಂತ ಕೇಳಿದರೆ ನಾಚಿಕೆ.
ಬೆಳೆಹಬ್ಬದ ಹರಾಜು, ಸ್ತ್ರೀಯರ ಸಂಘದ ಲೆಕ್ಕ,
ನಾನೂರು ರೂಪಾಯಿ ಹೊಂದಲಿಲ್ಲ.
ಕುಂಬಳಕಾಯಿಗಳ ಮುಂದೆ, ಅಯ್ಯನವರ ಮುಂದೆ,
ಅವಳ ಹೆಸರು ಹೇಳಿದ್ದು ನಾನು.
ಆಮೇಲೆ ದುಡ್ಡು ಸಿಕ್ಕಿತು, ಹಾಡಿನ ಪುಸ್ತಕದ ಕಪಾಟಿನ ಹಿಂದೆ.
ಅದನ್ನು ಅಷ್ಟು ಜನರ ಮುಂದೆ ಹೇಳಿದವರು ಯಾರೂ ಇಲ್ಲ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಊರೂರಿನವರ ದನಿ ಜೋಡಿಸಿಕೊಟ್ಟೆ.
ಭಾನುವಾರ ಮಾತ್ರ, ಕರ್ತನ ಪ್ರಾರ್ಥನೆಯಲ್ಲಿ
ಮನ್ನಿಸುವ ಮಾತು ಬರುವ ಜಾಗದಲ್ಲಿ
ತುಟಿ ಆಡಿಸುತ್ತಿದ್ದೆ, ದನಿ ಬಿಡುತ್ತಿರಲಿಲ್ಲ.
ಪಕ್ಕದವರಿಗೆ ಗೊತ್ತಾಗುವುದಿಲ್ಲ. ಅಭ್ಯಾಸವಾಗುತ್ತದೆ.

ಈಗ ಐವತ್ತೊಂಬತ್ತು. ಕನ್ನಡಕದ ನಂಬರು ಏರಿದೆ,
ಬೆಳೆದದ್ದು ಅಷ್ಟೇ ಇರಬಹುದು.
ಹಬ್ಬ ಕಳೆದ ಸೋಮವಾರ, ಏಪ್ರಿಲ್ ಸೆಕೆ, ಕರೆಂಟಿಲ್ಲ,
ಬಾಗಿಲ ಬಳಿ ಕುರ್ಚಿ ಎಳೆದುಕೊಂಡು
ಆ ಕೆಂಪು ಅಕ್ಷರ ದಾಟಿ ಹೋದೆ.
ತೊಂಬತ್ತೊಂದು. ತೊಂಬತ್ತೆರಡು.
ನೂರ ಹನ್ನೆರಡರಲ್ಲಿ ಅಂಬಿಗನ ಹೆಂಡತಿ,
ಎರಡೇ ಸಾಲಿಗೆ ಬಂದು ಹೋಗುವವಳು,
ಅನ್ನ ಬಡಿಸುತ್ತಾ ಕೇಳುತ್ತಾಳೆ:
"ಆಚೆ ಯಾರಾದರೂ ಉಳಿದರೇನು?"
ಹದಿನಾಲ್ಕರಲ್ಲಿ ಈಕೆ ನನಗೆ ಕಂಡೇ ಇರಲಿಲ್ಲ.

ಅದೇ ಪುಟದಲ್ಲಿ ಒಂದು ಗುಲಾಬಿ ಚೀಟಿ.
ಖಾಸಗಿ ಬಸ್ಸು, ಕಂಡಕ್ಟರನ ಗೀಚು,
ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ಒಬ್ಬರು.
ತಾರೀಕು ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.
ಅಮ್ಮನ ಪೆಟ್ಟಿಗೆ ದೇವಾಲಯದಿಂದ ಹೊರಟ ದಿನ.

ಬಂದಿದ್ದಳು.
ಎಲ್ಲಿಯವರೆಗೆ? ಬಸ್‌ಸ್ಟ್ಯಾಂಡು? ಸಮಾಧಿಯ ಗೇಟು?
ಜನರ ನಡುವೆ ನನ್ನ ಮುಖ ಕಂಡಿತೆ,
ಕಂಡದ್ದಕ್ಕೇ ತಿರುಗಿದಳೆ?
ಪುಸ್ತಕ ಓದುತ್ತಾ ಬಂದವಳು ಇಲ್ಲಿ ನಿಲ್ಲಿಸಿ
ಇಳಿಯುವ ಜಾಗ ಬಂತೆಂದು ಎದ್ದಿರಬೇಕು.
ಚೀಟಿ ನನಗಾಗಿ ಇಟ್ಟದ್ದೋ, ಮರೆತದ್ದೋ,
ದೇವರಿಗೇ ಗೊತ್ತು ಅನ್ನುತ್ತೇವಲ್ಲ, ಹಾಗೆ.

ಸುಳ್ಳು ಎಂಬುದನ್ನು ಅಳಿಸಲಿಲ್ಲ, ಕೆಂಪು ಹೋಗುವುದೂ ಇಲ್ಲ.
ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಇವತ್ತಿನ ತಾರೀಕು ಹಾಕಿದೆ.
ಗರಿಯ ಶಿಲುಬೆಯನ್ನು ನೂರ ಹನ್ನೆರಡಕ್ಕೆ ಸರಿಸಿದೆ.

ಬೆಳಗ್ಗೆ ಏಳಕ್ಕೆ ಒಂದು ಸರ್ಕಾರಿ ಬಸ್ಸಿದೆಯಂತೆ.
ಹೆಂಗಸರಿಗೆ ಈಗ ದುಡ್ಡು ಕೇಳುವುದಿಲ್ಲ,
ಆದರೂ ಚೀಟಿ ಹರಿದು ಕೊಡುತ್ತಾರೆ, ಸೊನ್ನೆ ಎಂದು ಬರೆದು.
ಇಳಿಯುವವರೆಗೆ ಅದನ್ನು ಕೈಯಲ್ಲೇ ಹಿಡಿದಿರಬೇಕಂತೆ.